ತೋಳು ಹೊಲಿದ ಮದುಮಗಳು

ದೀಪ ಪೂರ್ತಿ ಆರಿಸಬೇಡಿ... ಆ ಮೂಲೆಯದೊಂದು ಉರಿಯಲಿ.

ಇದು ನಡೆದದ್ದು ನನ್ನ ದೊಡ್ಡಪ್ಪನ ಮಗಳು ಲಿಯೋನಾಗೆ. ನಾನು ಪಕ್ಕದಲ್ಲೇ ಇದ್ದೆ. ಆದ್ದರಿಂದ ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಂತ ಯಾರೂ ಮೂಗು ಮುರಿಯಬೇಡಿ. ನಾನು ಹೊಲಿಗೆಯವಳು. ಸೂಜಿ, ದಾರ, ಕತ್ತರಿ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಅಷ್ಟೇ ನನ್ನ ಲೋಕ. ದೆವ್ವ ಗಿವ್ವ ಅಂದರೆ ನಗುತ್ತಿದ್ದೆ. ಈಗಲೂ ನಗುತ್ತೇನೆ... ಇದೊಂದನ್ನು ಬಿಟ್ಟು.

ಅವತ್ತು ಕೆಲಸ ಮುಗಿಸಿ ನಾವಿಬ್ಬರೂ ಬಂಕರ್ ಗುಡ್ಡದ ಹಿಂದಿನ ಇಳಿಜಾರಿನಲ್ಲಿ ಮನೆಗೆ ಹೊರಟಿದ್ದೆವು. ಹೊತ್ತು ಬಹಳ ಆಗಿತ್ತು. ಕೆಳಗೆ ಲಾಸ್ ಏಂಜಲಿಸ್ ಊರಿನ ದೀಪಗಳು. ನಮ್ಮ ದಾರಿಯಲ್ಲಿ ಮಾತ್ರ ಒಂದೂ ಇಲ್ಲ. ಅರ್ಧ ದಾರಿಯಲ್ಲಿ ಒಂದು ಹಳೇ ಎಣ್ಣೆಬಾವಿ ಇತ್ತು. ಎಣ್ಣೆ ಬತ್ತಿ, ಪಂಪು ಕಿತ್ತುಕೊಂಡು ಹೋಗಿ, ನೆಲದಿಂದ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಕೊಳವೆ ಮಾತ್ರ ಉಳಿದಿತ್ತು. ಬಾಯಿಗೆ ಮುಚ್ಚಳ ಬೆಸೆದಿದ್ದರು. ಸತ್ತ ಬಾವಿ.

ಅದನ್ನು ದಾಟುವಾಗ... ಕೊಳವೆಯ ಒಳಗಿಂದ ಸದ್ದು ಬಂತು.

ಟಕ್‌ಟಕ್... ಟಕ್.

ಎರಡು ಬೇಗ. ಒಂದು ತಡವಾಗಿ. ಬೆರಳ ಗೆಣ್ಣಿನಿಂದ ಬಡಿದ ಹಾಗೆ.

ಲಿಯೋನಾ ನಿಲ್ಲಲಿಲ್ಲ. ತಲೆ ಬಗ್ಗಿಸಿ ನಡೆಯುತ್ತಲೇ ಇದ್ದಳು. ನಾನು ನಿಂತುಬಿಟ್ಟೆ.

"ಅಕ್ಕ... ಏನದು?"

"ಏನು?"

"ಯಾರೋ ಬಡಿದ್ರು. ಈ ಕೊಳವೆ ಒಳಗೆ."

ಅವಳು ತಿರುಗಿದಳು. ಆ ಮುಖ ನಾನು ಇವತ್ತಿಗೂ ಮರೆತಿಲ್ಲ. ಹೆದರಿಕೆ ಅಲ್ಲ ಅದು. ಹೆದರಿಕೆ, ದುಃಖ, ಯಾವುದೂ ಆ ಮುಖದ ಮೇಲೆ ಬಂದು ವರ್ಷಗಳಾಗಿದ್ದವು. ಹತ್ತಿರ ಬಂದು ಪಿಸುಗುಟ್ಟಿದಳು.

"ನಿಂಗೂ ಕೇಳಿಸ್ತಾ?"

ಇರಿ... ಇಲ್ಲಿಂದ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಬೆಳಗ್ಗಿನಿಂದ ಹೇಳುತ್ತೇನೆ.

ಆಗಿನ ಸಿನಿಮಾಕ್ಕೆ ಮಾತಿರಲಿಲ್ಲ. ಪರದೆಯ ಮೇಲೆ ಎಲ್ಲರೂ ಮೂಕರು. ಅದಕ್ಕೆ ಚಿತ್ರ ತೆಗೆಯುವ ಜಾಗವೂ ಮೌನವಾಗಿತ್ತು ಅಂದುಕೊಂಡರೆ ಮೋಸಹೋದಿರಿ. ಸಂತೆ ವಾಸಿ! ಕ್ಯಾಮೆರಾದ ಹಿಡಿ ತಿರುಗಿಸುವ ಗರ್‌ಗರ್... ಕಾರ್ಬನ್ ದೀಪಗಳ ಸುಂಯ್... ಪಕ್ಕದ ಕೋಣೆಯಲ್ಲಿ ಬಡಗಿಗಳ ಧಡ್ ಧಡ್... ಇದರ ಮೇಲೆ ನಿರ್ದೇಶಕ ಪಾರ್ಕಿನ್ ಮೆಗಾಫೋನ್ ಹಿಡಿದು, "ಅಳು! ಇನ್ನೂ ಅಳು! ಎಡಕ್ಕೆ ನೋಡ್ಕೊಂಡು ಅಳು!" ಎಂದು ಕೂಗುತ್ತಿದ್ದ. ಸದ್ದು ಫಿಲ್ಮಿಗೆ ಅಂಟುವುದಿಲ್ಲವಲ್ಲ, ಹಾಗಾಗಿ ಅಲ್ಲಿ ಸದ್ದಿಗೆ ಬೆಲೆಯೇ ಇರಲಿಲ್ಲ. ಯಾರು ಕಿರುಚಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಣ್ಣಿಗೆ ಮಾತ್ರ ಕೆಲಸ, ಕಿವಿಗೆ ರಜೆ.

ಆ ಗದ್ದಲದಲ್ಲಿ ನಟಿಯರಿಗೆ ಅಳು ಬರಬೇಕಲ್ಲ, ಅದಕ್ಕೇ ವಾದ್ಯದವರನ್ನು ಇಟ್ಟುಕೊಳ್ಳುತ್ತಿದ್ದರು. ಕ್ಯಾಮೆರಾದ ಪಕ್ಕ ಕೂತು ಅಳಿಸುವ ರಾಗ, ಹೆದರಿಸುವ ರಾಗ ನುಡಿಸುವುದು ಅವರ ಕೆಲಸ. ಪಿಟೀಲು ಒರೆಸ್ತೆ ಎಂಬ ಇಟಲಿಯವನದು. ಮಡಚಿ ಎತ್ತಿಕೊಂಡು ಹೋಗುವ ಕಾಲು ಹಾರ್ಮೋನಿಯಂ ನಮ್ಮ ಲಿಯೋನಾಳದು. ಅವಳು ಕಾಲು ಒತ್ತಿದರೆ ತಿದಿ ಹುಸ್... ಹುಸ್... ಎಂದು ಉಸಿರಾಡುತ್ತಿತ್ತು. ಆಮೇಲೆ ರಾಗ. ಎಂಥ ಕಲ್ಲೆದೆಯ ನಟಿಯೂ ಎರಡನೇ ಸಾಲಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಣ್ಣ ಕರಗುತ್ತದೆ ಅಂತ ನಾವೇ ಬೈಯಬೇಕಿತ್ತು.

ಊರಿಗೆಲ್ಲ ಅಳು ತರಿಸುತ್ತಿದ್ದ ನನ್ನ ಅಕ್ಕನ ಕಣ್ಣಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ಟಿಲ್ಲಿ ಹೋದ ಮೇಲೆ.

ಟಿಲ್ಲಿ ಅವಳ ಮಗಳು. ಒಬ್ಬಳೇ ಮಗಳು, ನನ್ನ ಸೊಂಟಕ್ಕೂ ಬಾರದ ಕೂಸು. ಯುದ್ಧ ಮುಗಿಯುವ ವರ್ಷ ಆ ಕೆಟ್ಟ ಜ್ವರ ಬಂತಲ್ಲ, ಊರಿಗೆ ಊರೇ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ಜ್ವರ, ಆಗ ಮಗುವನ್ನು ಒಳಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದ್ದರು. ತಾಯಿಯಾದರೂ ಹೆಚ್ಚು ಹೊತ್ತು ಒಳಗೆ ಇರಕೂಡದು ಅಂದಿದ್ದ ಡಾಕ್ಟರು. ಲಿಯೋನಾ ಗೋಡೆಯ ಈಚೆ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದಳು. ಮಗು ಆಚೆಯಿಂದ ಗೋಡೆ ಬಡಿಯುತ್ತಿತ್ತು. ಎರಡು ಬೇಗ, ಒಂದು ತಡವಾಗಿ. 'ಅಮ್ಮಾ, ನುಡಿಸು' ಅಂತ ಅದರ ಅರ್ಥ. ಲಿಯೋನಾ ನುಡಿಸುತ್ತಿದ್ದಳು. ಮಗಳಿಗೆಂದೇ ಅವಳು ಕಟ್ಟಿದ ಒಂದು ರಾಗ ಇತ್ತು. ಕುದುರೆಯೊಂದು ನಿಧಾನವಾಗಿ ನಡೆದು ನಡೆದು ಕೊನೆಗೆ ನಿದ್ದೆ ಹೋಗುವ ರಾಗ. ನಮ್ಮ ಮನೆಯಲ್ಲಿ ಅದಕ್ಕೆ ಕುದುರೆ ರಾಗ ಅಂತಲೇ ಹೆಸರು.

ಒಂದು ರಾತ್ರಿ... ಹಲವು ರಾತ್ರಿ ಕಣ್ಣು ಮುಚ್ಚದೆ ಕೂತಿದ್ದವಳಲ್ಲವೇ... ಬಡಿತ ಕೇಳಿಸಿತು. ತಲೆ ಹಾರ್ಮೋನಿಯಂ ಮೇಲೆ ಒರಗಿತ್ತು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ನುಡಿಸೋಣ ಅಂದುಕೊಂಡಳು. ಬಡಿತ ಮತ್ತೆ ಬಂತು. ಮತ್ತೂ ಬಂತು. ಆಮೇಲೆ ಬರಲಿಲ್ಲ.

ಬೆಳಗ್ಗೆ ಹೋಗಿ ನೋಡಿದರೆ ಮಗುವಿನ ಕೈ ಗೋಡೆಯ ಮೇಲೇ ಇತ್ತು.

ಆಮೇಲಿಂದ ಅವಳಿಗೆ ಆ ಸದ್ದು ಕೇಳಿಸತೊಡಗಿತು. ಟ್ರಾಮಿನ ಕಿಟಕಿಯಲ್ಲಿ, ಅಡುಗೆಮನೆ ಕಪಾಟಿನಲ್ಲಿ, ಚರ್ಚಿನ ಬೆಂಚಿನಲ್ಲಿ. ಹಲ್ಲುನೋವಿನ ವಿಷಯ ಹೇಳಿದ ಹಾಗೆ ಒಮ್ಮೆ ನನಗೆ ಹೇಳಿದಳು. "ನರ ಅಕ್ಕ, ನರದ ಕಾಟ," ಅಂದೆ ನಾನು. "ಹೂಂ ಕಣೆ, ನರ," ಅಂದಳು ಅವಳೂ. ಅದೇ ಕೊನೆ. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕೆಲಸಕ್ಕೆ ಬರುತ್ತಿದ್ದಳು. ಆರಿಹೋದ ಕಾಫಿಯ ಹಾಗೆ ಇದ್ದಳು. ಆ ಸದ್ದಿಗೆ ಅವಳು ತಿರುಗಿ ನೋಡುವುದನ್ನೂ ಬಿಟ್ಟಿದ್ದಳು.

ಇನ್ನು ಆ ದಿನ. ಗುಡ್ಡದ ಮೇಲಿನ ಒಂದು ಹಳೇ ಬಂಗಲೆಯನ್ನು ಕಂಪನಿಯವರು ಬಾಡಿಗೆಗೆ ಹಿಡಿದಿದ್ದರು. ಮರದ ಗೋಪುರ, ಮುರಿದ ಕಟಕಟೆ. ಶ್ರೀಮಂತರು ಬಿಟ್ಟುಹೋದ ಮೇಲೆ ಪಾರಿವಾಳಗಳು ಸಂಸಾರ ಹೂಡಿದ್ದ ಬಂಗಲೆ. ಚಿತ್ರದ ಕತೆಯೂ ಅಂಥದ್ದೇ. ಮುದುಕನೊಬ್ಬ ಸತ್ತಿದ್ದಾನೆ, ಆಸ್ತಿಗಾಗಿ ನೆಂಟರೆಲ್ಲ ಅವನ ಬಂಗಲೆಗೆ ಬಂದು ಸೇರಿದ್ದಾರೆ. ಒಂದು ಕಾಲದಲ್ಲಿ ಅವನು ಗೋಡೆಯೊಳಗೆ ಹಾಕಿ ಮುಚ್ಚಿದ ಮದುಮಗಳು ಊಟದ ಕೋಣೆಯ ಗೋಡೆಯಿಂದ ಬರುತ್ತಾಳೆ, ನಿಲ್ಲುತ್ತಾಳೆ, ಹಿಂದಕ್ಕೆ ಸರಿದು ಮಾಯವಾಗುತ್ತಾಳೆ. ಕತೆ ಪೂರ್ತಿ ರಾತ್ರಿಯದು. ನಾವು ತೆಗೆದದ್ದು ಹಾಡುಹಗಲಲ್ಲಿ, ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ. ಆಮೇಲೆ ಫಿಲ್ಮನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ರಾತ್ರಿ ಆಯಿತು.

ಮದುಮಗಳಿಗೆ ಕೈ ಇರಬಾರದು ಅಂತ ಪಾರ್ಕಿನ್‌ನ ಹಟ. "ಕೈ ಕಂಡ್ರೆ ಹೆಂಗಸು, ಕೈ ಕಾಣದಿದ್ರೆ ದೆವ್ವ," ಅಂದ. ತಲೆ ಓಡುತ್ತಿತ್ತು ಅವನಿಗೆ, ಇಲ್ಲ ಅನ್ನುವುದಿಲ್ಲ. ಜೆಲ್ಮಾ ಎಂಬ ಹುಡುಗಿಗೆ ಆ ವೇಷ. ಸಣ್ಣಪುಟ್ಟ ಪಾತ್ರ ಮಾಡುವ ಹುಡುಗಿಯರು ಸ್ಟುಡಿಯೋದಲ್ಲೇ ಉಡುಪು ಹಾಕಿಕೊಂಡು ಲಾರಿಯಲ್ಲಿ ಬರುತ್ತಿದ್ದರು, ಸಂಜೆ ಅದೇ ಲಾರಿಯಲ್ಲಿ ವಾಪಸ್. ಇವಳ ಉಡುಪಿನ ತೋಳು ಮಾತ್ರ ಬಂಗಲೆಯಲ್ಲೇ ನಾನು ಹೊಲಿಯಬೇಕಿತ್ತು. ಎರಡೂ ಕೈ ಎದೆಯ ಮೇಲೆ ಅಡ್ಡ ಇಡಿಸಿ, ಬಟ್ಟೆಪಟ್ಟಿ ಸುತ್ತಿ, ಮೇಲೆ ಉಡುಪು ಎಳೆದು, ಬರಿದಾದ ತೋಳುಗಳನ್ನು ಪಕ್ಕಕ್ಕೆ ಸೇರಿಸಿ ಹೊಲಿದೆ. ಮೇಣ ಹಚ್ಚಿದ ಜೋಡಿ ದಾರ. ಒತ್ತೊತ್ತು ಹೊಲಿಗೆ. ಆ ಹುಡುಗಿ ಕನ್ಸಾಸ್ ಕಡೆಯವಳು. ಬಾಯಿಗೆ ಬೀಗವೇ ಇಲ್ಲ.

"ಐಡಕ್ಕ, ಮೂಗು ಕೆರೆದ್ರೆ ಏನ್ ಮಾಡ್ಲಿ?"

"ಒರೆಸ್ತೆನ ಕರಿ. ಪಿಟೀಲು ಕಮಾನಲ್ಲಿ ಕೆರೀತಾನೆ."

"ಪುಕ್ಕಟೆ ಅಲ್ಲಮ್ಮಾ," ಅಂದ ಒರೆಸ್ತೆ ಮೀಸೆ ತಿರುವುತ್ತ. "ಒಂದು ಮುತ್ತು ಕೊಡ್ಬೇಕು."

"ನಿನ್ ಮೀಸೆಗಾ? ಅದಕ್ಕಿಂತ ಆ ಗೋಡೆ ಒಳಗೇ ಇದ್ಬಿಡ್ತೀನಿ!"

ಎಲ್ಲರೂ ನಕ್ಕೆವು. ಲಿಯೋನಾ ನಗಲಿಲ್ಲ. ಎದ್ದು ಬಂದು, ಜೆಲ್ಮಾಳ ಮೂಗನ್ನು ಮೆಲ್ಲಗೆ ಕೆರೆದು, ಹೋಗಿ ತನ್ನ ಜಾಗದಲ್ಲಿ ಕೂತಳು. ಜೆಲ್ಮಾ ಅವಳು ಕೂತ ಕಡೆ ತಿರುಗಿದಳು. ಆಮೇಲೆ, "ಥ್ಯಾಂಕ್ಸ್ ಕಣಕ್ಕ," ಅಂದಳು.

ಊಟದ ಕೋಣೆಯ ಗೋಡೆಗೆ ಮರದ ಹಲಗೆ ಹೊದಿಸಿತ್ತು. ಅದರಲ್ಲೊಂದು ಹಲಗೆ ಬಾಗಿಲಿನ ಹಾಗೆ ತೆರೆಯುತ್ತಿತ್ತು. ಹಿಂದಿನ ಕಾಲದಲ್ಲಿ ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಓಡಾಡಲು ಮಾಡಿದ ದಾರಿ. ಗೋಡೆಗಳ ಸಂದಿಯಲ್ಲೇ ಸುತ್ತಿ, ಅಡುಗೆಮನೆಯ ಹಿಂದೆ ಒಂದು ಕಿರುಬಾಗಿಲಿಗೆ ಹೋಗುತ್ತಿತ್ತು. ಜೆಲ್ಮಾ ಹಲಗೆಯಿಂದ ಬರಬೇಕು, ಹಲಗೆಯೊಳಗೇ ಹೋಗಬೇಕು, ಹಿಂದಿನ ಕಿರುಬಾಗಿಲಿನಿಂದ ಆಚೆ ಬರಬೇಕು.

ಬಂದಳು. ನಿಂತಳು. ಹಿಂದಕ್ಕೆ ಸರಿದಳು. ಹಲಗೆ ಮುಚ್ಚಿತು. ಪಾರ್ಕಿನ್ ಕುಣಿದಾಡಿದ. ಮುಂದಿನ ದೃಶ್ಯದಲ್ಲಿ ಅದೇ ಗೋಡೆಯನ್ನು ನಾಯಕಿ ತಳ್ಳಿ ತಳ್ಳಿ ನೋಡಬೇಕು, ಗೋಡೆ ಗಟ್ಟಿಯಾಗಿರಬೇಕು. ಬಡಗಿಗಳು ಬಂದು ಹಲಗೆಗೆ ಮೊಳೆ ಹೊಡೆದರು. ಹಿಂದಿನ ಕಿರುಬಾಗಿಲಿಗೆ ದೀಪದವರು ಆಗಲೇ ತಮ್ಮ ಪೆಟ್ಟಿಗೆಗಳನ್ನು ಒಟ್ಟಿದ್ದರು. ಇವರು ಮಾಡಿದ್ದು ಅವರಿಗೆ ಗೊತ್ತಿಲ್ಲ, ಅವರು ಮಾಡಿದ್ದು ಇವರಿಗೆ ಗೊತ್ತಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ನಾನು ಆಗ ಮಹಡಿಯ ಮೇಲೆ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದೆ.

ಕೆಳಗೆ ನಾಯಕಿ ಕಿರುಚುವ ದೃಶ್ಯ ನಡೆಯುತ್ತಿತ್ತು. ಗೋಡೆಯೊಳಗಿಂದಲೂ ಕಿರುಚು ಕೇಳಿಸಿತಂತೆ. "ತೆಗೀರಿ! ಯಾರಾದ್ರೂ ತೆಗೀರಿ!" ಎಲ್ಲರಿಗೂ ಕೇಳಿಸಿತು. ಒರೆಸ್ತೆ ಕಮಾನು ಆಡಿಸುತ್ತಲೇ ನಕ್ಕ.

"ಆ ಹುಡುಗಿ ಗಂಟಲು ನೋಡು! ಒಳಗೇ ಅಭ್ಯಾಸ ಮಾಡ್ತಿದೆ. ಮುಂದಿನ ಚಿತ್ರಕ್ಕೆ ಇವಳೇ ನಾಯಕಿ."

ಲಿಯೋನಾ ನುಡಿಸುತ್ತಲೇ ಇದ್ದಳು. ಕಿರುಚುವ ಜಾಗದಲ್ಲಿ ಒಂದು ಕಿರುಚು ಹೆಚ್ಚಾದರೆ ಯಾರಿಗೇನು? ಸ್ವಲ್ಪ ಹೊತ್ತಿಗೆ ಆ ದನಿ ಒಡೆಯಿತು. ಆಮೇಲೆ ನಿಂತಿತು.

ಅದು ನಿಂತ ಮೇಲೆ ಬಡಿತ ಶುರುವಾಯಿತು.

ಟಕ್‌ಟಕ್... ಟಕ್.

ಗೋಡೆಯೊಳಗೆ. ನೆಲದ ಹತ್ತಿರ. ಲಿಯೋನಾಳ ಬೆರಳು ಒಂದು ಸ್ವರ ತಪ್ಪಿತು. ಎಂದಿನದೇ, ತನ್ನ ತಲೆಯೊಳಗಿನದೇ ಅಂದುಕೊಂಡಳು. ಅದನ್ನು ಸುಮ್ಮನಾಗಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ, ನುಡಿಸುತ್ತಿರುವ ರಾಗವನ್ನು ಆ ಬಡಿತಕ್ಕೇ ಹೊಂದಿಸಿಕೊಳ್ಳುವುದು. ಹಾಗೇ ಮಾಡಿದಳು. ಇಡೀ ಮಧ್ಯಾಹ್ನ ಆ ಬಡಿತಕ್ಕೇ ನುಡಿಸಿದಳು.

"ಆಹಾ, ಆ ತಾಳ ಚೆನ್ನಾಗಿದೆ!" ಪಾರ್ಕಿನ್ ಮೆಗಾಫೋನಿನಲ್ಲಿ ಕೂಗಿದ. "ಬಿಡ್ಬೇಡಿ, ಅದನ್ನೇ ಹಿಡೀರಿ!"

"ಯಾವುದಿದು, ಹೊಸ ತಾಳ?" ಒರೆಸ್ತೆ ಕೇಳಿದ.

"ಹಳೇದು," ಅಂದಳು ಅವಳು.

ಸಂಜೆ ಲಾರಿ ಹೋಯಿತು. ಜೆಲ್ಮಾ ತೋಳು ಬಿಚ್ಚಿಸಿಕೊಳ್ಳಲು ನನ್ನ ಹತ್ತಿರ ಬರಲೇ ಇಲ್ಲ. ಯಾವಳೋ ಗೆಳತಿಯ ಕೈಯಲ್ಲಿ ಹೊಲಿಗೆ ಕಿತ್ತಿಸಿಕೊಂಡು ಲಾರಿ ಹತ್ತಿರಬೇಕು ಅಂದುಕೊಂಡೆ. ನನಗೆ ಮೈಯೆಲ್ಲ ಉರಿಯಿತು. ನನ್ನ ಹೊಲಿಗೆಯನ್ನು ಕಂಡವರೆಲ್ಲ ಕೀಳುವುದಾ? ಉಳಿದ ಉಡುಪುಗಳನ್ನು ಮಡಚಿ ಪೆಟ್ಟಿಗೆಗೆ ತುಂಬುವಷ್ಟರಲ್ಲಿ ಕತ್ತಲಾಗಿ ಬಹಳ ಹೊತ್ತಾಗಿತ್ತು. ಲಿಯೋನಾ ನನಗಾಗಿ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಹಾರ್ಮೋನಿಯಂ ಒಳಗೇ ಇತ್ತು, ನಾಳೆಗೆ ಬೇಕಲ್ಲ ಅಂತ. ದಾರಿಯುದ್ದಕ್ಕೂ ನಾನು ಜೆಲ್ಮಾಳನ್ನು ಬೈಯುತ್ತಲೇ ಬಂದೆ.

ಹಾಗೆ ಬರುವಾಗಲೇ... ಆ ಬಾವಿ.

"ನಿಂಗೂ ಕೇಳಿಸ್ತಾ?" ಅಂದಳು ಅಂದೆನಲ್ಲ.

"ಹೂಂ ಅಕ್ಕ. ಎರಡು ಬೇಗ. ಒಂದು ತಡವಾಗಿ."

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು.

"ಇವತ್ತು ಬಂಗಲೆ ಗೋಡೇಲೂ ಬಂತು ಕಣೆ. ಮಧ್ಯಾಹ್ನ ಪೂರ್ತಿ. ನನ್ನ ತಲೇಲೇ ಅಂದ್ಕೊಂಡೆ."

ನಾನು ತಿರುಗಿ ಗುಡ್ಡದ ಮೇಲಿನ ಬಂಗಲೆ ಕಡೆ ನೋಡಿದೆ.

"ಅದಕ್ಕೆ ಮುಂಚೆ ಗೋಡೆ ಒಳಗೆ ಕೂಗ್ತಾ ಇದ್ದದ್ದು..." ಅವಳು ನನ್ನ ಮುಖ ನೋಡಿದಳು. "ಐಡಾ, ಜೆಲ್ಮಾ ಲಾರಿ ಹತ್ತಿದ್ದು ನೀನು ಕಣ್ಣಾರೆ ನೋಡಿದ್ಯಾ?"

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ.

ವಾಪಸ್ ಗುಡ್ಡ ಹತ್ತಿದೆವು. ಹತ್ತಿದೆವು ಅಂದರೆ, ಅವಳು ಓಡಿದಳು, ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದೆ. ಅವಳು ಓಡಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಬಂಗಲೆಯ ಕಾವಲುಗಾರ ಗಾರ್ವಿ ಎಂಬ ಮುದುಕ. ಸರ್ಕಾರ ಹೆಂಡ ನಿಷೇಧ ಮಾಡಿದ ಸುದ್ದಿ ಅವನ ಬಾಟಲಿಗೆ ಮುಟ್ಟಿರಲಿಲ್ಲ.

"ಯಾರೂ ಇಲ್ಲಮ್ಮ ಒಳಗೆ. ಬಡಿಯೋ ಸದ್ದಾ? ಹೆಗ್ಗಣ ಇರ್ಬೇಕು."

"ತಾಳ ಹಾಕೋ ಹೆಗ್ಗಣ ಎಲ್ಲಾದ್ರೂ ಇದ್ಯೇನಯ್ಯ?" ಅಂದೆ. "ಲಾಂದ್ರ ತಗೋ, ಹಾರೆ ತಗೋ, ನಡಿ."

ಊಟದ ಕೋಣೆಯಲ್ಲಿ ಕಪ್ಪು ಬಟ್ಟೆಗಳು ಹಾಗೇ ಇಳಿಬಿದ್ದಿದ್ದವು. ಗಾರ್ವಿ ಮೊಳೆ ಕಿತ್ತ. ಹಲಗೆ ಕರ್ರ್... ಎಂದು ತೆರೆಯಿತು. ಒಳಗೆ ಕತ್ತಲೆ. ಒಬ್ಬ ಮನುಷ್ಯ ಓರೆಯಾಗಿ ನುಗ್ಗುವಷ್ಟು ಜಾಗ. ದಾರಿ ಮುಂದೆ ಕವಲಾಗಿ ಯಾವ್ಯಾವುದೋ ಗೋಡೆಗಳ ಹಿಂದೆ ಹೋಗಿತ್ತು. "ಜೆಲ್ಮಾ!" ಎಂದು ಕೂಗಿದೆ. ಏನೂ ಇಲ್ಲ. ಇನ್ನೊಮ್ಮೆ ಕೂಗಿದೆ. ನನ್ನ ದನಿಯೇ ತಿರುಗಿ ಬಂತು.

"ನೋಡಿದ್ರಾ?" ಗಾರ್ವಿ ಲಾಂದ್ರ ಇಳಿಸಿದ. "ಹುಡುಗಿ ಈ ಹೊತ್ತಿಗೆ ಎಲ್ಲೋ ಕುಣೀತಿರ್ತಾಳೆ. ನೀವು ಮನೆಗೆ ಹೋಗಿ ಮಲಗಿ."

ನಾನೂ ಹೊರಡುವವಳೇ. ಆಗ ನನ್ನ ಹಿಂದೆ... ಹುಸ್... ಹುಸ್...

ತಿರುಗಿದೆ. ಲಿಯೋನಾ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದಳು.

"ಅಕ್ಕ... ಈಗಲಾ?"

"ನೀನು ಕಿವಿ ಕೊಡು," ಅಂದಳು. "ನನ್ನ ಕಿವಿ ನಂಬೋ ಹಾಗಿಲ್ಲ."

ಕುದುರೆ ರಾಗ. ಟಿಲ್ಲಿ ಹೋದ ಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಒಂದು ಸಾಲು ನುಡಿಸಿ ನಿಲ್ಲಿಸಿದಳು. ತಿದಿಯ ಉಸಿರು ಇಳಿಯಿತು... ನಿಶ್ಶಬ್ದ... ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು.

ಆಮೇಲೆ, ದೂರದಲ್ಲಿ, ಮಹಡಿ ಮೆಟ್ಟಿಲ ಕಡೆಯಿಂದ...

ಟಕ್‌ಟಕ್... ಟಕ್.

ಗಾರ್ವಿ ಲಾಂದ್ರ ಮೇಲೆತ್ತಿದ. "ದೇವರೇ," ಅಂದ.

"ಹೋಗಿ," ಅಂದಳು ಲಿಯೋನಾ. "ನಾನು ನುಡಿಸ್ತಿರ್ತೀನಿ. ನಿಲ್ಲಿಸಲ್ಲ."

ನಾವು ಹೋದೆವು. ಅವಳು ಒಂದು ಸಾಲು ನುಡಿಸುವುದು, ಬಿಡುವುದು. ಗೋಡೆ ಉತ್ತರ ಕೊಡುವುದು. ಮೆಟ್ಟಿಲ ಬಳಿ ಬಂದರೆ ಬಡಿತ ಇನ್ನೂ ಆಚೆ. ಅಗ್ಗಿಷ್ಟಿಕೆಯ ಕೋಣೆಗೆ ಹೋದೆವು. ಹೊಗೆಗೂಡಿನ ಪಕ್ಕದ ಹಲಗೆಗೆ ನಾನು ಕಿವಿ ಇಟ್ಟೆ. ಕೆಳಗಿಂದ, ನನ್ನ ಮೊಣಕಾಲಿನ ಹತ್ತಿರದಿಂದ ಬಂತು. ಹಲಗೆ ಅದುರಿದ್ದು ನನ್ನ ಲಂಗಕ್ಕೇ ತಾಗಿತು.

"ಇಲ್ಲೇ! ಹೊಡಿ!"

ಗಾರ್ವಿ ಹಾರೆ ಹಾಕಿದ. ಹಲಗೆ ಸೀಳಿತು.

ಜೆಲ್ಮಾ ಅಲ್ಲಿದ್ದಳು. ಕತ್ತಲಲ್ಲಿ ದಾರಿ ಹುಡುಕುತ್ತ ಬಂದು, ಹೊಗೆಗೂಡಿನ ಪಕ್ಕದ ತಗ್ಗಿಗೆ ಕಾಲು ಜಾರಿ, ಎರಡು ಗೋಡೆಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿದ್ದಳು. ನಿಂತ ನಿಲುವಿನಲ್ಲೇ. ಬಿಳಿ ಉಡುಪೆಲ್ಲ ಮಸಿ. ತುಟಿ ಒಡೆದಿತ್ತು. ದನಿ ಪೂರ್ತಿ ಹೋಗಿತ್ತು. ಕಣ್ಣು ಮಾತ್ರ ತೆರೆದಿದ್ದವು. ಉಸಿರು ಇತ್ತು.

ಎಳೆದು ಈಚೆ ಮಲಗಿಸಿದೆವು. ಗಾರ್ವಿ ಬಾಟಲಿಯಿಂದ ಎರಡು ತೊಟ್ಟು ಅವಳ ತುಟಿಗೆ ಬಿಟ್ಟ. ಮುದುಕ ಅಳುತ್ತಿದ್ದ.

"ಭೇಷ್ ಮಗಳೇ... ಬಡಿದು ಬಡಿದು ಬದುಕಿಕೊಂಡೆ. ಗಟ್ಟಿಗಿತ್ತಿ ಕಣಮ್ಮ ನೀನು."

ನಾನು ಸೊಂಟದಲ್ಲಿದ್ದ ಕತ್ತರಿ ತೆಗೆದೆ, ಪಾಪ ಕೈ ಮರಗಟ್ಟಿರುತ್ತದೆ, ಬಿಚ್ಚೋಣ ಅಂತ. ಲಾಂದ್ರವನ್ನು ಹತ್ತಿರ ಎಳೆದುಕೊಂಡೆ.

ಎಡಗಡೆ ನೋಡಿದೆ. ಬಲಗಡೆ ನೋಡಿದೆ... ಕತ್ತರಿ ಹಾಗೇ ಕೈಯಲ್ಲಿ ಉಳಿಯಿತು.

ಅಷ್ಟು ಹೊತ್ತಿಗೆ ರಾಗ ನಿಂತಿತ್ತು. ಲಿಯೋನಾ ಬಂದು ನನ್ನ ಪಕ್ಕ ಮಂಡಿಯೂರಿ ಕೂತಿದ್ದಳು. ಅವಳು ಮೊದಲು ಜೆಲ್ಮಾಳ ಕೆನ್ನೆ ಮುಟ್ಟಿದಳು. ಆಮೇಲೆ ಹೊಲಿದ ತೋಳಿನ ಮೇಲೆ ಕೈ ಆಡಿಸಿದಳು. ಭುಜದಿಂದ ಸೊಂಟದವರೆಗೆ, ಹೊಲಿಗೆಯುದ್ದಕ್ಕೂ, ನಿಧಾನವಾಗಿ. ಇನ್ನೊಂದು ಕಡೆಯೂ ಹಾಗೇ. ಉಡುಪಿನ ಕೆಳಗೆ ಪಟ್ಟಿ ಸುತ್ತಿದ ಕೈಗಳು ಎದೆಯ ಮೇಲೆ, ನಾನು ಬೆಳಗ್ಗೆ ಇಡಿಸಿದ ಹಾಗೇ ಇದ್ದವು.

"ಒಳ್ಳೇ ಹೊಲಿಗೆ ಹಾಕಿದೀಯ, ಐಡಾ," ಅಂದಳು.

ಅಷ್ಟೇ ಅಂದದ್ದು. ಎದ್ದು ಊಟದ ಕೋಣೆಗೆ ಹೋದಳು. ಹುಸ್... ಹುಸ್... ಕುದುರೆ ರಾಗವನ್ನು ಮೊದಲಿನಿಂದ ಹಿಡಿದಳು. ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಕುದುರೆ ನಡೆದು, ನಡೆದು, ನಿದ್ದೆ ಹೋಗುವವರೆಗೆ ನುಡಿಸಿದಳು. ನಾನು ಲಾಂದ್ರದ ಪಕ್ಕ ಕೂತು ಒಂದೊಂದೇ ದಾರ ಕತ್ತರಿಸುತ್ತ ಕೇಳಿದೆ. ರಾಗ ಮುಗಿದ ಮೇಲೂ ಕಿವಿಗೊಟ್ಟೆ. ಯಾವ ಗೋಡೆಯೂ ಬಡಿಯಲಿಲ್ಲ.

ಲಿಯೋನಾ ಅವತ್ತು ಅತ್ತಳೇ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮನೆಗೆ ಬಂದು ತಣ್ಣಗಿದ್ದ ಹುರುಳಿಕಾಯಿ ಪಲ್ಯ ತಿಂದು ಮಲಗಿದಳು. ಕೆಲವು ದಿನ ಬಿಟ್ಟು ಪಾತ್ರೆ ತೊಳೆಯುವಾಗ ಹೇಳಿದಳು.

"ಈಗ ಕೇಳಿಸಲ್ಲ ಕಣೆ. ಎಲ್ಲೂ."

"ಒಳ್ಳೇದಾಯ್ತಲ್ಲ ಅಕ್ಕ," ಅಂದೆ.

ಅವಳು ಒಂದು ತಟ್ಟೆ ಒರೆಸಿದಳು. ಇನ್ನೊಂದು ಒರೆಸಿದಳು. "ಕಿವಿ ಕೊಟ್ಟು ಕೂರ್ತೀನಿ. ಬರೋದೇ ಇಲ್ಲ," ಅಂದಳು. ಅಷ್ಟು ವರ್ಷ ಅದನ್ನು ನರ ಅಂತ ಹೇಳಿದವಳು ನಾನೇ ತಾನೇ... ಅವಳ ಕೈಯಿಂದ ಬಟ್ಟೆ ಇಸಿದುಕೊಂಡು ಉಳಿದ ತಟ್ಟೆ ಒರೆಸಿದೆ.

ಚಿತ್ರ ಬಿಡುಗಡೆಯಾಯಿತು. ಜನ ಕಿರುಚಿ ಕಿರುಚಿ ನೋಡಿದರು. ನೀಲಿ ರಾತ್ರಿ ಚೆನ್ನಾಗಿ ಬಂದಿತ್ತು. ನಾವಿಬ್ಬರೂ ಹೋಗಲಿಲ್ಲ.

ಜೆಲ್ಮಾ ಬದುಕಿಕೊಂಡಳು. ದನಿ ಸ್ವಲ್ಪ ಗೊಗ್ಗರಾಯಿತು, ಅಷ್ಟೇ. ಮಾತು ಕಡಿಮೆಯಾಗಲಿಲ್ಲ. ಊರಿಗೆ ಹೊರಡುವ ಮುಂಚೆ ನಮ್ಮ ಮನೆಗೆ ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತಳು. ಲಿಯೋನಾ ಇರಲಿಲ್ಲ, ಕೆಲಸಕ್ಕೆ ಹೋಗಿದ್ದಳು.

"ಐಡಕ್ಕ, ಥ್ಯಾಂಕ್ಸ್ ಹೇಳೋಕೆ ಬಂದೆ. ನೀವು ಹೊರಗಿಂದ ಬಡೀತಾನೇ ಇದ್ರಲ್ಲ, ಅದಕ್ಕೇ ನಾನು ಎಚ್ಚರ ಇದ್ದೆ. ಯಾರೋ ಇದ್ದಾರೆ, ಬಿಟ್ಟು ಹೋಗಿಲ್ಲ, ಬಂದೇ ಬರ್ತಾರೆ ಅಂತ. ಇಲ್ದಿದ್ರೆ ಕಣ್ಣು ಮುಚ್ಚಿಬಿಡ್ತಿದ್ದೆ."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ತಲೆ ಎತ್ತಲಿಲ್ಲ.

"ಒಂದೇ ಒಂದು ಕೇಳ್ಲಾ?" ಅಂದಳು. "ನೀವು ಅಷ್ಟು ಕೆಳಗಡೆ ಯಾಕೆ ಬಡೀತಿದ್ರಿ? ನೆಲದ ಮೇಲೆ ಕೂತಿದ್ರಾ?"

ಇಷ್ಟೇ ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಸಂದಿಯಲ್ಲಿ ಇದ್ದದ್ದು ಅವಳೊಬ್ಬಳೇ, ಈಚೆ ಯಾರೂ ಬಡಿದಿರಲಿಲ್ಲ. ಹೊಲಿಗೆ ಹಾಕಿದವಳು ನಾನು, ಲಾಂದ್ರದ ಬೆಳಕಿನಲ್ಲಿ ಬಿಚ್ಚಿದವಳೂ ನಾನೇ. ಎಡ ತೋಳು, ಬಲ ತೋಳು... ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.